ಹಸಿರು ಬಳಿದ ಹನ್ನೊಂದು ಮನೆ

ವಿದೇಶ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಸಮುದ್ರದ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ಕೇಳುವವರಿಗೂ ಅಷ್ಟೇ ಸಾಕು. ಬೆಳಗೋಡಿನಲ್ಲಿರುವ ನನ್ನ ಅತ್ತಿಗೆಯಂತೂ, ಸಮುದ್ರ ಮಂಗಳೂರಿನಲ್ಲೂ ಇದೆಯಲ್ಲ, ಅದಕ್ಕೆ ಆಫ್ರಿಕಾದ ತುದಿವರೆಗೆ ಯಾಕೆ ಹೋಗಬೇಕಿತ್ತು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮನ್ನು ಕಳಿಸಿದ್ದು ಸಮುದ್ರ ನೋಡಲಿಕ್ಕಲ್ಲ. ಒಂದು ಮಹಾನಗರ ಪಾಲಿಕೆ ತನ್ನ ಊರಿನಲ್ಲಿ ಮನೆ ಎಲ್ಲಿ, ರಸ್ತೆ ಎಲ್ಲಿ, ಬಯಲು ಎಲ್ಲಿ ಎಂದು ಹೇಗೆ ಗೊತ್ತುಮಾಡುತ್ತದೆ ಎಂಬುದನ್ನು ಕಲಿತು ಬರಲಿ ಎಂದು ಕಳಿಸಿದ್ದರು. ಕಲಿತೆನೋ ಇಲ್ಲವೋ, ಓದಿದವರು ಹೇಳಬೇಕು.

ನಾನು ನಕ್ಷೆ ಬರೆಯುವವಳು. ಸಕಲೇಶಪುರದ ಯೋಜನಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಇದೇ ಕೆಲಸ. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ವಾಸದ ಜಾಗಕ್ಕೆ ಹಳದಿ, ಅಂಗಡಿ ಸಾಲಿಗೆ ನೀಲಿ, ತೋಟ ಗದ್ದೆಗೆ ಹಸಿರು. ಈ ಪ್ರವಾಸಕ್ಕೆ ಬಂದಿದ್ದು ನಮ್ಮ ಅಧಿಕಾರಿಯ ಹೆಸರು. ವೀಸಾಕ್ಕೆ ಹಾಕುವಾಗ ಅವರ ಪಾಸ್‌ಪೋರ್ಟಿನ ಅವಧಿ ಮುಗಿದಿದೆಯೆಂದು ಗೊತ್ತಾಯಿತು. ಮಸ್ಕತ್‌ನಲ್ಲಿದ್ದ ತಂಗಿಯ ಮನೆಗೆ ಹೋಗಲೆಂದು ಮಾಡಿಸಿ, ಹೋಗದೆ ಬೀರುವಿನಲ್ಲಿಟ್ಟಿದ್ದ ನನ್ನ ಪಾಸ್‌ಪೋರ್ಟಿಗೆ ಇನ್ನೂ ಜೀವವಿತ್ತು. ಹಾಗಾಗಿ ಹೊರಟೆ.

ಮಾರನಹಳ್ಳಿ

ಮಂಗಳೂರಿನಿಂದ ವಿಮಾನ. ಆಷಾಢದ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಘಾಟಿಯ ಕೆಳಗೆ ಎಲ್ಲೋ ಲಾರಿಯೊಂದು ಅಡ್ಡ ನಿಂತು, ನಮ್ಮ ಬಸ್ಸು ಮಾರನಹಳ್ಳಿಯಲ್ಲೇ ಎರಡು ಗಂಟೆ ಕೂತಿತು. ವಿಮಾನ ತಪ್ಪಿದರೆ ತಪ್ಪಲಿ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಉಸಿರುಕಟ್ಟಿದಂತಾಗಿ ರಸ್ತೆ ಪಕ್ಕದ ಹೋಟೆಲಿಗೆ ಇಳಿದೆ. ಲೋಟ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, ಕೈ ಒರೆಸಿಕೊಂಡು ಹತ್ತಿರ ಬಂದಳು.

"ಮೇಡಮ್ಮೋರೇ, ಇದೇನು ಈ ಕಡೆ?"

ಅವಳು ಲಕ್ಕಮ್ಮ. ಹೆಗ್ಗದ್ದೆ ಕಡೆಯ ಹಳೆಯ ಕಾಫಿ ಎಸ್ಟೇಟೊಂದರ ಲೈನಿನಲ್ಲಿ ಇರುವವಳು. ಲೈನು ಎಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು. ಅಲ್ಲಿ ಹನ್ನೊಂದಿವೆ. ಹಳೆಯ ಮಾಲೀಕರು ತೀರಿಕೊಂಡು ಎಸ್ಟೇಟು ಪಾಳುಬಿದ್ದು ವರ್ಷಗಳಾದರೂ ಜನ ಅಲ್ಲೇ ಉಳಿದರು. ಬೇರೆ ತೋಟಗಳಿಗೆ, ಹೆದ್ದಾರಿಯ ಹೋಟೆಲುಗಳಿಗೆ ಕೆಲಸಕ್ಕೆ ಹೋಗಿಬಂದು ಬದುಕಿದರು. ಈಗ ಎಸ್ಟೇಟನ್ನು ಒಬ್ಬರು ರೆಸಾರ್ಟ್ ಕಟ್ಟಲೆಂದು ಕೊಂಡಿದ್ದಾರೆ. ನಮ್ಮ ಕಚೇರಿ ತಯಾರಿಸಿದ ಹೊಸ ಮಹಾಯೋಜನೆಯ ಕರಡು ನಕ್ಷೆಯಲ್ಲಿ ಆ ಜಾಗವೆಲ್ಲ ಹಸಿರು. ಅಂದರೆ ಬರೀ ತೋಟ, ಮನೆ ಇಲ್ಲ. ನಕ್ಷೆಯಲ್ಲೇ ಇಲ್ಲದ ಮನೆಯಲ್ಲಿ ನೀವು ಹೇಗೆ ಇದ್ದೀರಿ ಎಂದು ಹೊಸ ಮಾಲೀಕ ಕೇಳಲು ಶುರುಮಾಡಿದ. ಲಕ್ಕಮ್ಮ ಯಾರಿಂದಲೋ ಬರೆಸಿಕೊಂಡು ಬಂದು ಕಚೇರಿಗೆ ಆಕ್ಷೇಪಣೆ ಕೊಟ್ಟಿದ್ದಳು. ಅದನ್ನು ಕೈಯಲ್ಲಿ ಇಸಿದುಕೊಂಡವಳು ನಾನೇ.

"ನಿಮ್ಮ್ ಆಫೀಸಿಂದ ಕಾಗ್ದ ಬಂದೈತೆ. ಮೂರ್ ದಿನ್ದಿಂದ ಇಟ್ಕಂಡು ಓಡಾಡ್ತಿದೀನಿ. ಈ ಹೋಟ್ಲು ಯಜಮಾನ್ರಿಗೆ ಓದಕ್ಕೆ ಪುರುಸೊತ್ತಿಲ್ಲ. ನೀವೇ ಸಿಕ್ಬುಟ್ರಿ, ಓದ್ಬುಟ್ಟು ಹೇಳಿ."

ಪ್ಲಾಸ್ಟಿಕ್ ಕವರಿನೊಳಗಿಂದ ಕಾಗದ ತೆಗೆದುಕೊಟ್ಟಳು. ಸದರಿ ಸ್ಥಳವನ್ನು ಖುದ್ದು ಪರಿಶೀಲಿಸಲಾಗಿದ್ದು ಯಾವುದೇ ವಾಸದ ಮನೆಗಳು ಕಂಡುಬಂದಿರುವುದಿಲ್ಲ ಎಂದಿತ್ತು. ಕೆಳಗೆ ನನ್ನ ಸಹಿ ಇತ್ತು.

ಹಿಂದಿನ ತಿಂಗಳು ಸ್ಥಳ ಪರಿಶೀಲನೆಗೆಂದು ಕಚೇರಿಯ ಜೀಪಿನಲ್ಲಿ ಹೋಗಿದ್ದು ನಿಜ. ಹೆಗ್ಗದ್ದೆ ದಾಟಿದ ಮೇಲೆ ಡ್ರೈವರ್ ಸಿದ್ದೇಶ ಜೀಪು ನಿಲ್ಲಿಸಿ, "ಇಲ್ಲಿಂದ ಮುಂದಕ್ಕೆ ಗಾಡಿ ಹೋಗಲ್ಲ ಮೇಡಂ. ಏನ್ ಮಳೆ ಮಾರಾಯ ಇದು! ಇಳುದ್ರೆ ಇಂಬಳ ಹಿಡ್ಕಂಡು ರಕ್ತ ಹೀರ್ಬುಡ್ತವೆ ಕಣ್ರೀ" ಎಂದ. ನಾನು ಇಳಿಯಲಿಲ್ಲ. ಆಕಾಶದಿಂದ ತೆಗೆದ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿದೆ. ಅದರಲ್ಲಿ ಮರವೋ ಮರ. ಕಾಫಿ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ಸಂಗತಿ ಇದು: ವರ್ಷವರ್ಷ ಮರಗಸಿ ಮಾಡಿ ನೆರಳಿನ ಮರಗಳ ಕೊಂಬೆ ಇಳಿಸದಿದ್ದರೆ ತೋಟದ ಮೇಲೆ ಚಪ್ಪರ ಹಾಕಿದ ಹಾಗೆ ಎಲೆ ಮುಚ್ಚಿಕೊಳ್ಳುತ್ತದೆ. ಪಾಳುಬಿದ್ದ ಎಸ್ಟೇಟಿನಲ್ಲಿ ಮರಗಸಿ ಮಾಡುವವರು ಯಾರು? ಆ ಎಲೆಗಳ ಕೆಳಗೆ ಮನೆ ಇರಬಹುದು ಎಂದು ಬೆಂಗಳೂರಿನವರಿಗೆ ಹೊಳೆಯದಿರಬಹುದು. ನನಗೆ ಹೊಳೆದಿತ್ತು. ಆದರೂ ಜೀಪಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ಸಹಿ ಹಾಕಿದೆ. ಆಮೇಲೆ ಸಕಲೇಶಪುರಕ್ಕೆ ವಾಪಸು ಬಂದು ಬಿಸಿಬಿಸಿ ಇಡ್ಲಿ ತಿಂದೆವು.

"ಏನಂತ ಬರ್ದವ್ರೆ ಮೇಡಮ್ಮೋರೇ? ನಮ್ದು ಹಳದಿ ಆಯ್ತಾ?"

"ಇನ್ನೂ ತೀರ್ಮಾನ ಆಗಿಲ್ಲ ಲಕ್ಕಮ್ಮ. ಬರೋ ಶುಕ್ರವಾರ ಮೀಟಿಂಗ್ ಇದೆ. ಅಲ್ಲಿ ಗೊತ್ತಾಗುತ್ತೆ."

"ಮೀಟಿಂಗ್ನಾಗೆ ನೀವಿರ್ತೀರಲ್ಲ?"

"ಅಷ್ಟೊತ್ತಿಗೆ ನಾನು ಹೊರದೇಶದಲ್ಲಿರ್ತೀನಿ."

ಅವಳ ಮುಖ ಸಪ್ಪಗಾಯಿತು. "ಅಲ್ಲಿಂದ್ಲೇ ಒಂದ್ ಮಾತು ಹೇಳಿ. ಆ ಹೊಸ ಧಣಿ ಮೀಟಿಂಗ್ ಒಂದ್ ಮುಗೀಲಿ, ಆಮ್ಯಾಕೆ ಎಲ್ರುನೂ ಖಾಲಿ ಮಾಡುಸ್ತೀನಿ ಅಂದವ್ನೆ. ನಾನ್ ಹುಟ್ಟಿದ್ದೇ ಆ ಲೈನ್ನಾಗೆ. ಎಲ್ಲಿಗೆ ಹೋಗ್ಲಿ?"

ನೋಡೋಣ ಎಂದೆ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿಹೋಗಿ ಹತ್ತಿದೆ.

ಡರ್ಬನ್, ಮೊದಲ ಬೆಳಿಗ್ಗೆ

ದಕ್ಷಿಣ ಆಫ್ರಿಕಾದಲ್ಲಿ ಜುಲೈ ಎಂದರೆ ಚಳಿಗಾಲ. ಚಳಿಗಾಲ ಎಂದು ಅವರು ಅಂದುಕೊಂಡಿದ್ದಾರೆ ಅಷ್ಟೆ. ಒಂದು ಮೋಡವಿಲ್ಲ, ಬಿಸಿಲು ಹದವಾಗಿದೆ, ಸಮುದ್ರ ಹೊಳೆಯುತ್ತಿದೆ. ನಮ್ಮ ಕಡೆಯ ಜಡಿಮಳೆಯಿಂದ ಎದ್ದುಬಂದವಳಿಗೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಮಳೆಯಿದ್ದಿದ್ದರೆ ಮಂಕು ಕವಿದಿದ್ದಕ್ಕೆ ಮಳೆಯನ್ನಾದರೂ ಬೈಯಬಹುದಿತ್ತು.

ಹೋಟೆಲಿನ ಬಾಲ್ಕನಿಯಲ್ಲಿ ಕೋತಿಗಳಿವೆ, ಬಾಗಿಲು ಹಾಕಿಕೊಳ್ಳಿ ಎಂದು ಬೋರ್ಡು. ಹುಟ್ಟಿದಾಗಿನಿಂದ ಕೋತಿಗಳ ಜೊತೆ ಗುದ್ದಾಡಿದವಳಿಗೆ ಇವರೇನು ಹೇಳುವುದು ಎಂದುಕೊಂಡು ಮನೆಯಿಂದ ತಂದಿದ್ದ ಅಕ್ಕಿರೊಟ್ಟಿಯ ಪೊಟ್ಟಣ ಬಿಚ್ಚಿ ಕೂತೆ. ಬೂದು ಮೈ, ಕಪ್ಪು ಮುಖದ ಸಣ್ಣ ಕೋತಿ ಮೇಲಿನಿಂದ ಇಳಿದು, ಗಲಾಟೆ ಮಾಡದೆ, ಹಲ್ಲು ಕಿಸಿಯದೆ, ಆಫೀಸಿನಲ್ಲಿ ಫೈಲು ಎತ್ತಿಕೊಂಡು ಹೋಗುವ ಹಾಗೆ ಪೊಟ್ಟಣ ಎತ್ತಿಕೊಂಡು ಹೋಯಿತು. ನಮ್ಮ ಕೋತಿಗಳು ಕನಿಷ್ಠ ಜಗಳವಾದರೂ ಆಡುತ್ತವೆ.

ನಮ್ಮ ತಂಡದಲ್ಲಿ ಹನ್ನೆರಡು ಜನ. ಮುಖ್ಯಸ್ಥರು ಬೆಂಗಳೂರಿನ ಒಬ್ಬ ಹಿರಿಯ ಅಧಿಕಾರಿ. ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯವರೇ. ಅವರಿಗೆ ಎರಡೇ ಚಿಂತೆ: ಮಧ್ಯಾಹ್ನ ಅನ್ನ ಸಿಗುತ್ತದೆಯೋ ಇಲ್ಲವೋ, ಮತ್ತು ಫೋಟೋದಲ್ಲಿ ಬ್ಯಾನರು ನೆಟ್ಟಗೆ ಬಂದಿದೆಯೋ ಇಲ್ಲವೋ.

ಬೀದಿಯಲ್ಲಿ ನನಗೆ ತುಂಬ ಹಿಡಿಸಿದ್ದು ಜನ ವ್ಯಾನು ನಿಲ್ಲಿಸುವ ರೀತಿ. ಅಲ್ಲಿ ಹದಿನೈದು ಜನ ಕೂರುವ ವ್ಯಾನುಗಳೇ ಬಸ್ಸು. ಕಾಯುವವರು ಬಾಯಿ ಬಿಡುವುದಿಲ್ಲ, ಬೆರಳಿನಲ್ಲಿ ಸನ್ನೆ ಮಾಡುತ್ತಾರೆ. ಪೇಟೆಗಾದರೆ ಒಂದು ಸನ್ನೆ, ಇನ್ನೊಂದು ಕಡೆಗಾದರೆ ಇನ್ನೊಂದು. ನಮ್ಮ ಬೆಳಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿದರೂ ಬಸ್ಸು ನಿಲ್ಲುವುದು ಡ್ರೈವರನ ಮನಸ್ಸಿಗೆ ಬಂದಲ್ಲಿ. ಬೆಳಗ್ಗೆ ಆರಕ್ಕೇ ಆ ವ್ಯಾನುಗಳು ತುಂಬಿ ತುಳುಕುತ್ತಿದ್ದವು. ಇಷ್ಟು ಬೇಗ ಎಲ್ಲಿಂದ ಬರುತ್ತಾರೆ ಎಂದು ನಮ್ಮನ್ನು ಸುತ್ತಾಡಿಸಲು ಬಂದಿದ್ದ ಥಾಂಡೆಕಾಳನ್ನು ಕೇಳಿದೆ. "ದೂರದಿಂದ" ಎಂದಳು. "ಯಾಕಷ್ಟು ದೂರ ಅನ್ನುವುದನ್ನು ನಾಳೆ ನಕ್ಷೆಯಲ್ಲಿ ತೋರಿಸುತ್ತೇನೆ."

ಗೋಡೆಯ ಮೇಲಿನ ನಕ್ಷೆ

ಥಾಂಡೆಕಾ ಅಲ್ಲಿನ ಯೋಜನಾ ವಿಭಾಗದವಳು. ನಲವತ್ತರ ಆಸುಪಾಸು, ತಲೆಗೆ ಬಣ್ಣದ ಬಟ್ಟೆ ಸುತ್ತಿದ್ದಳು, ಜೋರು ನಗು. ನನ್ನನ್ನು ಮಾಮಾ ಎಂದು ಕರೆಯುತ್ತಿದ್ದಳು. ಅಲ್ಲಿ ಹಿರಿಯ ಹೆಂಗಸರಿಗೆ ಮರ್ಯಾದೆಯಿಂದ ಹಾಗೆ ಹೇಳುವುದು. ಎರಡು ದಿನ ಆಕೆ ಕರೆದಾಗಲೆಲ್ಲ ನಾನು ತಿರುಗಿ ಯಾವ ಗಂಡಸು ಬಂದ ಎಂದು ನೋಡುತ್ತಿದ್ದೆ.

ಗೋಡೆಯ ಮೇಲೆ ಹಳೆಯ ನಕ್ಷೆಯೊಂದಿತ್ತು. ಬಿಳಿಯರ ಆಡಳಿತದ ಕಾಲದ್ದು. ಬಣ್ಣಗಳು ನಮ್ಮಲ್ಲಿದ್ದ ಹಾಗೇ, ಆದರೆ ಅರ್ಥ ಬೇರೆ. ಒಂದು ಬಣ್ಣ ಬಿಳಿಯರಿಗೆ, ಒಂದು ಕರಿಯರಿಗೆ, ಒಂದು ಇಂಡಿಯಾದಿಂದ ಹೋದವರಿಗೆ. ಸಮುದ್ರದ ಹತ್ತಿರದ ಎತ್ತರದ ಜಾಗ ಯಾರಿಗೆ ಎಂದು ಹೇಳಬೇಕಿಲ್ಲ. ಎರಡು ಬಣ್ಣಗಳ ನಡುವೆ ನದಿಯನ್ನೋ, ರೈಲು ಹಳಿಯನ್ನೋ, ಖಾಲಿ ಬಯಲನ್ನೋ ಬಿಟ್ಟಿದ್ದರು, ಒಬ್ಬರ ಮನೆಯ ಅಡುಗೆಯ ವಾಸನೆ ಇನ್ನೊಬ್ಬರಿಗೆ ಹೋಗದ ಹಾಗೆ. ಆ ಆಡಳಿತ ಹೋಗಿ ಕಾಲವಾಯಿತು. ಮನೆಗಳು ಇದ್ದಲ್ಲೇ ಇವೆ. ಅದಕ್ಕೇ ವ್ಯಾನುಗಳು ಬೆಳಗ್ಗೆ ಆರಕ್ಕೆ ತುಂಬಿರುತ್ತವೆ.

"ನಿಮ್ಮಲ್ಲಿ ಹೀಗಿಲ್ಲ ಅಲ್ಲವಾ ಮಾಮಾ?" ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಕಡೆಯ ಹಳೆಯ ಎಸ್ಟೇಟುಗಳು ಕಣ್ಣೆದುರು ಬಂದವು. ಗುಡ್ಡದ ನೆತ್ತಿಯ ಮೇಲೆ ಬಂಗಲೆ, ಗಾಳಿ ಬೆಳಕು ಇರುವಲ್ಲಿ. ಅದರ ಕೆಳಗೆ ತೋಟದ ಲೆಕ್ಕ ಬರೆಯುವ ರೈಟರ ಮನೆ. ಅದರ ಕೆಳಗೆ ಕಾಫಿ ಇಡುವ ಸ್ಟೋರು. ಎಲ್ಲಕ್ಕಿಂತ ಕೆಳಗೆ, ನೀರು ಒಸರುವ ತಗ್ಗಿನಲ್ಲಿ, ಬಂಗಲೆಯ ಜಗಲಿಯಿಂದ ಕಣ್ಣಿಗೆ ಬೀಳದ ಹಾಗೆ ಲೈನು. ಯಾವ ಯೋಜನಾ ಕಚೇರಿಯೂ ಇಲ್ಲದೆ ಬ್ರಿಟಿಷ್ ದೊರೆಗಳು ಹೀಗೆ ಜಾಗ ಹಂಚಿಟ್ಟು ಹೋದರು. ಆಮೇಲೆ ಬಂದ ನಮ್ಮವರು ಒಂದು ಮೆಟ್ಟಿಲೂ ಬದಲಿಸಲಿಲ್ಲ. ನಾನು ಅದಕ್ಕಿಂತ ಮುಂದೆ ಹೋಗಿ ಲೈನನ್ನೇ ಅಳಿಸಿದ್ದೆ.

ಹೊಸ ನಕ್ಷೆಯ ಹಾಳೆಯೊಂದನ್ನು ಥಾಂಡೆಕಾ ಮೇಜಿನ ಮೇಲೆ ಹರಡಿದಳು. ಬೆಟ್ಟದ ಇಳಿಜಾರಿನಲ್ಲಿ ತಗಡು ಹಲಗೆಗಳಲ್ಲಿ ಕಟ್ಟಿಕೊಂಡ ಮನೆಗಳಿರುವ ಕೇರಿಯದು. ಮೂಲೆಯಲ್ಲಿ ಎರಡು ಸಹಿ. ಒಂದು ಅಲ್ಲಿ ನಡೆದು ನೋಡಿಬಂದ ಸಿಬ್ಬಂದಿಯದು. ಇನ್ನೊಂದು, ಅವರ ಜೊತೆ ನಡೆದ ಆ ಕೇರಿಯ ನಿವಾಸಿಯದು. ಸಹಿ ಬಾರದವರದು ಹೆಬ್ಬೆಟ್ಟು. ತನ್ನ ಕೈಕೆಳಗಿನ ಹಾಳೆಗಳಿಗೆಲ್ಲ ಎರಡನೆಯ ಸಹಿ ಇಲ್ಲದೆ ಬಣ್ಣ ತುಂಬಲು ತಾನು ಬಿಡುವುದಿಲ್ಲ ಎಂದಳು.

ಸಾಹೇಬರು ಕನ್ನಡದಲ್ಲಿ ಮೆಲ್ಲಗೆ, "ಹೀಗೆ ಶುರು ಮಾಡಿದರೆ ನಮ್ಮಲ್ಲಿ ಒಂದು ಪ್ಲಾನೂ ಮುಗಿಯಲ್ಲ ಬಿಡಿ" ಎಂದರು.

"ನಿಮ್ಮ ಜೊತೆ ಯಾರು ನಡೆಯುತ್ತಾರೆ ಮಾಮಾ?" ಎಂದು ಥಾಂಡೆಕಾ ಕೇಳಿದಳು.

"ಊರಿನವರೇ ಯಾರಾದರೂ ಬರುತ್ತಾರೆ" ಎಂದೆ. ಅದನ್ನು ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹೇಳಿದ ಸುಳ್ಳು ಪರದೇಶದ ಪುಸ್ತಕವೊಂದರಲ್ಲಿ ಈಗಲೂ ಇದೆ.

ಕೆಸರಿನ ಓಣಿ

ಮರುದಿನ, ಗುರುವಾರ, ಆ ಕೇರಿಗೇ ಕರೆದುಕೊಂಡು ಹೋದಳು. ಸಾಹೇಬರಿಗೆ ಸೊಂಟ ನೋವು, ವ್ಯಾನಿನಲ್ಲೇ ಕೂತರು. ಉಳಿದವರಲ್ಲಿ ಅರ್ಧ ಜನ ಮೊದಲ ತಿರುವಿನಲ್ಲಿ ಫೋಟೋ ತೆಗೆದುಕೊಂಡು ಹಿಂದಿರುಗಿದರು. ನಾನು ಮಾತ್ರ ಥಾಂಡೆಕಾಳ ಹಿಂದೆ ನಡೆದೆ. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಎರಡು ಮನೆಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯಬೇಕು, ಅಷ್ಟೇ ಜಾಗ. ಪ್ರತಿ ಬಾಗಿಲ ಮೇಲೂ ಬಣ್ಣದಲ್ಲಿ ಬರೆದ ನಂಬರು. ಎಣಿಕೆಗೆ ಬಂದವರು ಬರೆದು ಹೋಗಿದ್ದು. ಒಬ್ಬರು ಬಾಗಿಲಿಗೆ ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದರು, ನಂಬರಿನ ಸುತ್ತ ಮಾತ್ರ ಹೊಡೆದಿರಲಿಲ್ಲ. ಅದು ಹೋದರೆ ತಾವು ಇಲ್ಲಿದ್ದೆವು ಎನ್ನಲು ಬೇರೇನಿದೆ ಎಂದು ಅವರ ಭಯ.

ಕೇರಿಯ ಮಧ್ಯದಲ್ಲಿ ಒಬ್ಬ ಮುದುಕಿ ಹೊರಗೆ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಳು. ಅಜ್ಜಿಗೆ ಅಲ್ಲಿ ಗೋಗೋ ಎನ್ನುತ್ತಾರೆ. ಥಾಂಡೆಕಾ ಮಂಡಿ ಬಗ್ಗಿಸಿ ನಮಸ್ಕರಿಸಿ ನನ್ನನ್ನು ಪರಿಚಯಿಸಿದಳು. ಗೋಗೋ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಯಿಂದ ಹಿಂದಕ್ಕೆ ತೋರಿಸಿ ಏನೋ ಹೇಳಿದಳು. ಅವಳ ಮನೆಯ ಹಿಂದೆ ಇನ್ನೊಂದು ಮನೆ ಇದೆಯಂತೆ. ಬೀದಿ ನಲ್ಲಿಯ ನೀರು ಹರಿದು ಕೆಸರಾಗಿರುವುದರಿಂದ ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ. ನೋಡಿ ಬಾ ಎಂದಳು.

ಹೋದೆ. ಮೂರನೆಯ ಹೆಜ್ಜೆಗೆ ಬಲಗಾಲಿನ ಚಪ್ಪಲಿಯನ್ನು ಕೆಸರು ನುಂಗಿತು. ನಾಲ್ಕನೆಯದಕ್ಕೆ ಮೊಣಕಾಲಿನವರೆಗೆ ಸೀರೆ ನೆನೆಯಿತು. ಅಲ್ಲಿ ಮನೆ ಇತ್ತು. ಒಳಗಿಂದ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಹೊತ್ತು ಹೊರಬಂದು, ಸೀರೆಯುಟ್ಟು ಕೆಸರಲ್ಲಿ ನಿಂತ ನನ್ನನ್ನು ನೋಡಿ ನಕ್ಕುಬಿಟ್ಟಳು. ನನಗೂ ನಗು ಬಂತು. ಇಡೀ ಪ್ರವಾಸದಲ್ಲಿ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ.

ವಾಪಸು ಬಂದಾಗ ಗೋಗೋ ಒಂದು ಚೊಂಬು ನೀರು ತಂದು ತಾನೇ ನನ್ನ ಕಾಲಿಗೆ ಹೊಯ್ದಳು. ಬೇಡ ಎಂದರೂ ಬಿಡಲಿಲ್ಲ. ಹೊಯ್ಯುತ್ತಾ ಥಾಂಡೆಕಾಗೆ ಏನೋ ಹೇಳುತ್ತಿದ್ದಳು.

"ಹಳೆಯ ಸರ್ಕಾರದ ಕಾಲದಲ್ಲಿ ಇವರಿದ್ದ ಊರಿಗೆ ಇಬ್ಬರು ಬಂದಿದ್ದರಂತೆ. ಕಾರಿನಲ್ಲೇ ಕೂತು ಬರೆದುಕೊಂಡು ಹೋದರಂತೆ. ಇವರು ಆಗ ಚಿಕ್ಕ ಹುಡುಗಿ. ಮುಂದಿನ ತಿಂಗಳು ಮನೆ ಕೆಡವಿದರಂತೆ" ಎಂದಳು ಥಾಂಡೆಕಾ. "ನೀವು ಇಳಿದು ನಡೆದಿರಿ. ನೀವು ಒಳ್ಳೆಯವರು ಅಂತಿದ್ದಾರೆ."

ಕಾಲು ಹಿಂದಕ್ಕೆ ಎಳೆದುಕೊಂಡೆ. ನೀರು ತಣ್ಣಗಿದೆಯಾ ಎಂದು ಗೋಗೋ ಸನ್ನೆಯಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದೆ. ನನಗೆ ನಾಚಿಕೆಯಾಗಿತ್ತು. ಇಷ್ಟು ವಯಸ್ಸಾದ ಮೇಲೆ, ಯಾರೂ ಬೈಯದೆ, ಹೊಗಳಿಸಿಕೊಂಡು ಅಷ್ಟು ನಾಚಿಕೆಪಟ್ಟಿದ್ದು ನನಗೆ ನೆನಪಿಲ್ಲ.

ಶುಕ್ರವಾರ

ಸಕಲೇಶಪುರದಲ್ಲಿ ಮೀಟಿಂಗು ಹನ್ನೊಂದು ಗಂಟೆಗೆ. ಡರ್ಬನ್ನಿನಲ್ಲಿ ಆಗ ಏಳೂವರೆ. ಆರೂವರೆಗೇ ಹೋಟೆಲಿನ ತಿಂಡಿ ಕೋಣೆಯಲ್ಲಿ ಕೂತು ಕಚೇರಿಯ ಕೇಸ್ ವರ್ಕರ್ ಮಂಜುನಾಥನಿಗೆ ಫೋನ್ ಮಾಡಿದೆ. ಫೈಲುಗಳನ್ನು ಮೀಟಿಂಗಿಗೆ ಹೊತ್ತುಕೊಂಡು ಹೋಗುವವನು ಅವನೇ.

"ಮೇಡಂ, ಆಫ್ರಿಕಾ ಹೆಂಗೈತೆ? ಸಿಂಹ ನೋಡಿದ್ರಾ?"

"ಮಂಜುನಾಥ, ಆ ಹೆಗ್ಗದ್ದೆ ಲೈನಿನ ವಿಷಯ. ಅಲ್ಲಿ ಮನೆಗಳಿವೆ ಕಣೋ."

"ನೀವೇ ಇಲ್ಲ ಅಂತ ಬರ್ದಿದೀರಲ್ಲ ಮೇಡಂ."

"ನಾನು ಜೀಪಿಂದ ಇಳೀಲಿಲ್ಲ."

"ಅಯ್ಯೋ, ಇದನ್ನೆಲ್ಲ ಫೋನ್‌ನಲ್ಲಿ ಹೇಳ್ಬೇಡಿ. ಹೇಳೋದಾದ್ರೆ ಬರ್ದು ಮೇಲ್ ಹಾಕಿ, ಮೀಟಿಂಗಿಗೆ ಇಡ್ತೀನಿ. ಆದ್ರೆ ಯೋಚ್ನೆ ಮಾಡಿ. ಸುಳ್ಳು ವರದಿ ಕೊಟ್ಟಿದೀನಿ ಅಂತ ನೀವೇ ಬರ್ಕೊಟ್ಟಂಗಾಯ್ತದೆ."

ಸಾಹೇಬರು ತಟ್ಟೆ ಹಿಡಿದು ಎದುರು ಬಂದು ಕೂತರು. ನನ್ನ ಮುಖ ನೋಡಿ ಏನಾಯಿತು ಎಂದರು. ಹೇಳಿದೆ. ಬ್ರೆಡ್ಡಿಗೆ ಜಾಮು ಹಚ್ಚುತ್ತಾ ಕೇಳಿಸಿಕೊಂಡರು.

"ಸರ್ವಿಸು ಇನ್ನೆಷ್ಟಿದೆ ಅಮ್ಮಾ ನಿಮಗೆ?"

"ನಾಲ್ಕು ವರ್ಷ ಸಾರ್."

"ಮತ್ತೆ?" ಎಂದು ಬ್ರೆಡ್ಡು ಕಚ್ಚಿದರು.

ಫೋನಿನಲ್ಲೇ ಮೇಲ್ ಬರೆಯತೊಡಗಿದೆ. ಮೊದಲು ಬರೆದಿದ್ದು, ನಾನು ಸ್ಥಳಕ್ಕೆ ಹೋಗಿರಲಿಲ್ಲ ಎಂದು. ಅದನ್ನು ನೋಡುತ್ತಾ ಕೂತೆ. ಪೆನ್ಷನ್ನು, ವಿಚಾರಣೆ, ಇಪ್ಪತ್ತೆಂಟು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಹೆಸರು, ಎಲ್ಲ ತಲೆಯಲ್ಲಿ ಸುತ್ತಿದವು. ಅಳಿಸಿದೆ. ಆಮೇಲೆ ಬರೆದು ಕಳಿಸಿದ್ದು ಇದು: ಉಪಗ್ರಹ ಚಿತ್ರದಲ್ಲಿ ಮರಗಳ ದಟ್ಟಣೆಯಿಂದಾಗಿ ಸ್ಪಷ್ಟತೆ ಇಲ್ಲದ ಕಾರಣ, ಸೂಕ್ತ ಕಂಡುಬಂದಲ್ಲಿ ಸದರಿ ಸ್ಥಳದ ಮರುಪರಿಶೀಲನೆಯನ್ನು ಪರಿಗಣಿಸಬಹುದಾಗಿದೆ.

ಇಷ್ಟು ವರ್ಷ ಕಚೇರಿಯಲ್ಲಿ ಕಲಿತಿದ್ದೆಲ್ಲ ಆ ಒಂದು ವಾಕ್ಯದಲ್ಲಿತ್ತು. ತಪ್ಪು ಮರಗಳದ್ದು. ನಾನು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕಳಿಸಿದ ಮೇಲೆ ಹಗುರಾಯಿತು ಎಂದುಕೊಂಡು ಎರಡು ಲೋಟ ಕಾಫಿ ಕುಡಿದೆ. ಮಧ್ಯಾಹ್ನ ನಮ್ಮನ್ನು ಸಮುದ್ರದ ದಂಡೆಗೆ ಕರೆದೊಯ್ದರು. ಕೇಳಿದವರಿಗೆ ನಾನು ಹೇಳುವ ಸಮುದ್ರ ಅದು. ಚೆನ್ನಾಗಿತ್ತು. ಥಾಂಡೆಕಾ ಹೊರಡುವಾಗ ಅಪ್ಪಿಕೊಂಡು, ನಿಮ್ಮ ಊರಿನ ನಕ್ಷೆಯ ಒಂದು ಪ್ರತಿ ಕಳಿಸಿ, ನಮ್ಮ ಗೋಡೆಗೆ ಹಾಕುತ್ತೇನೆ ಎಂದಳು. ಇನ್ನೂ ಕಳಿಸಿಲ್ಲ.

ಸಕಲೇಶಪುರ

ಊರಿಗೆ ಬಂದಾಗ ಮಳೆ ಹಾಗೇ ಇತ್ತು. ಕಚೇರಿಯ ಗೋಡೆಗಳು ಬೆವೆತು, ಕಡತಗಳಿಗೆ ಬೂಸಲು ಹಿಡಿದಿತ್ತು. ಮಂಜುನಾಥ ನನ್ನ ಕಣ್ಣು ತಪ್ಪಿಸುತ್ತಿದ್ದ. ನಾನೇ ಅವನ ಟೇಬಲ್ಲಿಗೆ ಹೋದೆ.

"ಓದಿದ್ರು ಮೇಡಂ ನಿಮ್ ಮೇಲು. ಸೂಕ್ತ ಕಂಡುಬಂದಲ್ಲಿ ಅಂತ ಇತ್ತಲ್ಲ. ಸೂಕ್ತ ಕಂಡುಬಂದಿಲ್ಲ ಅಂತ ಬರ್ಸುದ್ರು. ಮುಂದಿನ ಫೈಲು ತಗೊಂಡ್ರು. ಒಂದು ನಿಮಿಷನೂ ಆಗ್ಲಿಲ್ಲ."

ನಕ್ಷೆ ಒಪ್ಪಿಗೆಯಾಗಿ ಹೋಗಿತ್ತು. ಮತ್ತೆ ತಿದ್ದುಪಡಿ ಎಂದರೆ ವರ್ಷಗಳ ಮಾತು. ನನ್ನ ಕುರ್ಚಿಗೆ ಹೋಗಿ ಕೂತು ಒಂದು ಬಿಳಿ ಹಾಳೆ ತೆಗೆದೆ. ಕಂಪ್ಯೂಟರ್ ಮುಟ್ಟಲಿಲ್ಲ. ಕೈಯಲ್ಲೇ ಬರೆದೆ. ಹೆಗ್ಗದ್ದೆ ಬಳಿಯ ಎಸ್ಟೇಟ್ ಲೈನಿಗೆ ನಾನು ಹೋಗಿರಲಿಲ್ಲ. ಮಳೆ ಬರುತ್ತಿತ್ತೆಂದು ಜೀಪಿನಲ್ಲೇ ಕೂತು ಸಹಿ ಹಾಕಿದೆ. ನನ್ನ ವರದಿ ಸುಳ್ಳು. ಹೆಸರು ಬರೆದು, ಎರಡು ಪ್ರತಿ ಮಾಡಿ ಮಂಜುನಾಥನ ಮುಂದಿಟ್ಟೆ.

ಅವನು ಓದಿ ತಲೆಗೆ ಕೈ ಇಟ್ಟುಕೊಂಡ. "ಇದ್ರಿಂದ ಈಗ ನಕ್ಷೆ ಬದ್ಲಾಗಲ್ಲ ಮೇಡಂ. ನಿಮ್ಗೆ ನೋಟಿಸ್ ಬರ್ತದೆ, ಅಷ್ಟೇಯ."

"ಬರಲಿ. ಇನ್ನೊಂದು ಪ್ರತಿಗೆ ಸೀಲು ಹಾಕಿ ಕೊಡು. ಕೋರ್ಟಿಗೆ ಹೋಗೋರಿಗೆ ಬೇಕಾಗುತ್ತೆ."

ಹಿಂದಿನ ಶುಕ್ರವಾರ ಇದೇ ಮಾತು ಬರೆದಿದ್ದರೆ ಯಾರೂ ಕೋರ್ಟಿಗೆ ಹೋಗಬೇಕಿರಲಿಲ್ಲವೇನೋ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀಲು ಹಾಕಿ ಕೊಟ್ಟ.

ಹೆಗ್ಗದ್ದೆ ಕಡೆಯ ಲೈನು

ಜೀಪು ಕೇಳಲಿಲ್ಲ. ಬಸ್ಸಿನಲ್ಲಿ ಹೋಗಿ, ಇಳಿದು, ಕೊಡೆ ಹಿಡಿದು ನಡೆದೆ. ಜೀಪು ನಿಲ್ಲಿಸಿದ್ದ ಜಾಗದಿಂದ ಲೈನಿಗೆ ಹತ್ತೇ ನಿಮಿಷದ ದಾರಿ. ಇಷ್ಟೇನಾ ಎನ್ನಿಸಿತು. ಇಂಬಳಗಳು ಹತ್ತಿದವು, ಕಿತ್ತು ಬಿಸಾಡಿದೆ. ಒಂದೆರಡು ಕಡೆ ರಕ್ತ ಬಂತು. ಯಾರೂ ಸಾಯುವಂಥದ್ದೇನಲ್ಲ.

ಹಂಚಿನ ಮೇಲೆ ಪಾಚಿ ಬೆಳೆದ ಹನ್ನೊಂದು ಮನೆಗಳು. ಮೂರರ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಅವರು ಬೇಲೂರಿನ ಕಡೆ ಕೆಲಸ ಹುಡುಕಿಕೊಂಡು ಹೋದರಂತೆ. ಉಳಿದವುಗಳಲ್ಲಿ ಹೊಗೆ ಏಳುತ್ತಿತ್ತು. ಲಕ್ಕಮ್ಮ ಬಾಗಿಲಲ್ಲೇ ಇದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ಬಂದ್ರಾ ಮೇಡಮ್ಮೋರೇ! ಆಫೀಸ್ನಾಗೆ ಆ ಮಂಜುನಾಥಪ್ಪ ಹೇಳುದ್ರು, ನೀವು ಆ ದೇಶದಿಂದ್ಲೇ ನಮ್ ಪರವಾಗಿ ಬರುದ್ರಂತೆ. ಒಳಕ್ಕೆ ಬನ್ನಿ, ನೆನೀಬ್ಯಾಡಿ."

ಒಳಗೆ ಕೂತೆ. ಒಲೆಯ ಪಕ್ಕ ಎರಡು ಗಂಟು ಕಟ್ಟಿಟ್ಟಿದ್ದಳು. ತಿಂಗಳೊಳಗೆ ಖಾಲಿ ಮಾಡಬೇಕೆಂದು ಹೊಸ ಮಾಲೀಕ ಹೇಳಿಕಳಿಸಿದ್ದನಂತೆ. ಕಾಫಿ ಇಡಲು ಹೋದವಳನ್ನು ತಡೆದು ಕಾಗದ ಓದುತ್ತೇನೆ, ಕೇಳು ಎಂದೆ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. ಮಾರನಹಳ್ಳಿಯಲ್ಲಿ ನಾನು ಓದದೆ ನುಂಗಿಕೊಂಡಿದ್ದು ಏನೆಂಬುದನ್ನೂ ಹೇಳಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು. ಅವಳು ಒಲೆಯ ಕೊಳ್ಳಿಯನ್ನು ಒಳಕ್ಕೆ ನೂಕಿದಳು.

"ಈ ಕಾಗ್ದದಿಂದ ಉಪ್ಯೋಗ ಐತಾ?"

"ಕೋರ್ಟಿಗೆ ಹೋದ್ರೆ ಐತೆ. ಹಾಸನದಲ್ಲಿ ಬಡವರ ಕೇಸು ನಡೆಸೋ ವಕೀಲರಿದ್ದಾರೆ, ನಾನೇ ಕರ್ಕೊಂಡು ಹೋಗ್ತೀನಿ."

ಕಾಗದ ಇಸಿದುಕೊಂಡು ಮಡಿಚಿದಳು. "ಅಲ್ಲಿ ನೀವೇ ಬಂದು ಹೇಳ್ಬೇಕಾಯ್ತದಾ? ಹೋಗಿರ್ಲಿಲ್ಲ ಅಂತ?"

"ಹೇಳ್ಬೇಕಾಗುತ್ತೆ. ಬರ್ತೀನಿ."

"ಅವತ್ತೂ ಮಳೆ ಬಂದ್ರೆ?" ಎಂದಳು.

ಕೊಂಕಿನಿಂದ ಕೇಳಿದ್ದಲ್ಲ. ಗಂಟು ಬಿಚ್ಚಬೇಕೋ ಬೇಡವೋ ಎಂದು ಅವಳು ಅವತ್ತೇ ತೀರ್ಮಾನಿಸಬೇಕಿತ್ತು, ಅದಕ್ಕೆ ಕೇಳಿದಳು.